ವರದಿಯೂ ವಿಧಿಯೂ

ನನ್ನ ಸೋದರಮಾವನವರ ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿಗೂ ಹಬ್ಬಿದೆಯೆಂದು ತಿಳಿದಾಗ, ಮನೆಯವರೆಲ್ಲ ಸೇರಿ ಅದನ್ನು ಅವರಿಂದ ಮರೆಮಾಚಲು ತೀರ್ಮಾನಿಸಿದೆವು. ಆ ಸಲಹೆಯನ್ನಿತ್ತವನು ನಾನೇ. ಸತ್ಯವನ್ನೇ ನುಡಿಯಬೇಕೆಂದು ಮದ್ರಸದಲ್ಲಿ ಮಕ್ಕಳಿಗೆ ಬೋಧಿಸುವ ನಾನು, “ಲಿವರ್‌ನಲ್ಲಿ ಸ್ವಲ್ಪ ಊತವಿದೆಯಷ್ಟೇ ಮಾಮ” ಎಂದು ಹೇಳಿ ಬಂದಿದ್ದೆ.

ಕೆಲವು ದಿನಗಳ ಬಳಿಕ ಗಡ್ಡೆಯ ಜೀನ್ ಪರೀಕ್ಷೆಯ ವರದಿ ಬಂತು. ಕೆಆರ್‌ಎಎಸ್ ಎಂಬ ಜೀನ್‌ನಲ್ಲಿ ರೂಪಾಂತರವಿದೆಯೆಂದು ಅದರಲ್ಲಿತ್ತು. ಮಾಮನ ಮಗ ಮೊಬೈಲಿನಲ್ಲಿ ಏನನ್ನೋ ಓದಿ, “ಇನ್ನು ಚಿಕಿತ್ಸೆ ವ್ಯರ್ಥ, ಎಲ್ಲವೂ ಬರೆದಾಗಿದೆ” ಎಂದು ಕುಸಿದು ಕುಳಿತ.

ವೈದ್ಯರು ತಾಳ್ಮೆಯಿಂದ ವಿವರಿಸಿದರು. ಕರುಳಿನ ರಕ್ತವು ಪೋರ್ಟಲ್ ಅಭಿಧಮನಿಯ ಮೂಲಕ ಮೊದಲು ಯಕೃತ್ತನ್ನೇ ಸೇರುವುದರಿಂದ ರೋಗವು ಅಲ್ಲಿಗೆ ಹಬ್ಬುವುದು ಹೆಚ್ಚು. ಕೆಆರ್‌ಎಎಸ್ ಜೀವಕೋಶಕ್ಕೆ ಬೆಳೆಯುವ ಆಜ್ಞೆಯನ್ನು ಮುಟ್ಟಿಸುವ ಸ್ವಿಚ್ಚಿನಂತೆ. ರೂಪಾಂತರಗೊಂಡರೆ ಅದು ಆರುವುದೇ ಇಲ್ಲ. ಆದುದರಿಂದ ಸೆಟುಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್ ಎಂಬ ಔಷಧಗಳು ಅಂಥವರಿಗೆ ಸಾಮಾನ್ಯವಾಗಿ ಫಲಿಸವು. ಇಂಥ ರೋಗಿಗಳಲ್ಲಿ ನೂರಕ್ಕೆ ಸುಮಾರು 40 ಮಂದಿಯಲ್ಲಿ ಇದು ಕಾಣಸಿಗುತ್ತದೆ. ಇದು ಗಡ್ಡೆಯೊಳಗೆ ಹುಟ್ಟಿದ ಬದಲಾವಣೆ, ತಂದೆಯಿಂದ ಮಕ್ಕಳಿಗೆ ಇಳಿದು ಬರುವಂಥದ್ದಲ್ಲ. ಶಸ್ತ್ರಚಿಕಿತ್ಸೆಯ ನಂತರ ರೋಗ ಮರುಕಳಿಸುವ ಭಯ ಇಂಥವರಲ್ಲಿ ಹೆಚ್ಚು ಎಂಬುದು ನಿಜ. ಆದರೆ ಕೀಮೋಥೆರಪಿಯ ಬಾಗಿಲಾಗಲಿ, ಶಸ್ತ್ರಚಿಕಿತ್ಸೆಯ ಬಾಗಿಲಾಗಲಿ ಅದರಿಂದ ಮುಚ್ಚುವುದಿಲ್ಲ. ಬಿಆರ್‌ಎಎಫ್ ವಿ600ಇ ಎಂಬ ರೂಪಾಂತರವಿದ್ದರೆ ಸ್ಥಿತಿ ಇನ್ನೂ ಕಠಿಣ. ಎಂಎಸ್‌ಐ-ಹೈ ಎಂಬ ಗುರುತು ನೂರಕ್ಕೆ ಸುಮಾರು 5 ಮಂದಿಯಲ್ಲಷ್ಟೇ ಇದ್ದರೂ, ಅವರಲ್ಲಿ ಅನೇಕರಿಗೆ ಇಮ್ಯುನೋಥೆರಪಿ ಚೆನ್ನಾಗಿ ಫಲಿಸುತ್ತದೆ.

“ಉಸ್ತಾದರೇ, ಈ ಗುರುತುಗಳು ನೂರಾರು ರೋಗಿಗಳ ಅನುಭವವನ್ನು ಹೇಳುತ್ತವೆ. ನಿಮ್ಮ ಮಾಮನ ದಿನಗಳನ್ನು ಎಣಿಸುವುದಿಲ್ಲ” ಎಂದರವರು.

ಯಾವ ಜೀವವೂ ತಾನು ಯಾವ ನೆಲದಲ್ಲಿ ಮರಣ ಹೊಂದುವೆನೆಂದು ಅರಿಯದು ಎಂಬ ಕುರ್‌ಆನಿನ ಬೋಧನೆಯನ್ನು ಎಷ್ಟೋ ಬಾರಿ ಪಾಠ ಹೇಳಿದ್ದೇನೆ. ಆದರೂ ಒಂದು ಹಾಳೆಯನ್ನು ನಾವು ವಿಧಿಯೆಂದು ಭ್ರಮಿಸಿದ್ದೆವು. ಒಂಟೆಯನ್ನು ಕಟ್ಟಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಯಾವ ಹಗ್ಗದಿಂದ ಕಟ್ಟಬೇಕು, ಯಾವುದು ನಿಲ್ಲದು ಎಂಬುದನ್ನಷ್ಟೇ ಆ ವರದಿ ತಿಳಿಸುತ್ತಿತ್ತು.

ಅಂದು ಮಗ್‌ರಿಬ್ ನಮಾಝಿನ ಬಳಿಕ ಮಾಮನಿಗೆ ಎಲ್ಲವನ್ನೂ ತಿಳಿಸಿ ಕ್ಷಮೆ ಕೇಳಿದೆ. ಅವರು ಬಹಳ ಹೊತ್ತು ಮೌನವಾಗಿದ್ದರು. ಅನಂತರ, “ಮಗನೇ, ನನ್ನ ತಂದೆಯ ಜಮೀನಿನಲ್ಲಿ ನಿನ್ನ ತಾಯಿಗೆ ಸಲ್ಲಬೇಕಾದ ಪಾಲು ಇನ್ನೂ ನನ್ನಲ್ಲೇ ಉಳಿದಿದೆ. ಊತವೆಂದೇ ನಂಬಿ ಹೋಗಿಬಿಟ್ಟಿದ್ದರೆ ನಾಳೆ ಅಲ್ಲಾಹನಿಗೆ ಏನೆಂದು ಉತ್ತರಿಸಲಿ?” ಎಂದರು.

ಮರುವಾರವೇ ತಂಗಿಯ ಪಾಲನ್ನು ಬರೆದುಕೊಟ್ಟರು. ವಸಿಯ್ಯತ್ ಬರೆದಿಟ್ಟರು. ಆಮೇಲೆ ತಾವಾಗಿಯೇ ಕೀಮೋಥೆರಪಿಗೆ ಹೊರಟರು. ಚಿಕಿತ್ಸೆ ಇಂದಿಗೂ ನಡೆಯುತ್ತಿದೆ.

ರೋಗಿಯ ಮೇಲಿನ ಮಮತೆಯಿಂದಲೇ ನಾವು ಸುಳ್ಳು ಹೇಳುತ್ತೇವೆ. ಆದರೆ ಸಾಲ ತೀರಿಸಲು, ಹಕ್ಕು ಹಿಂದಿರುಗಿಸಲು, ತೌಬಾ ಮಾಡಲು ಅವರಿಗಿರುವ ಕಾಲಾವಕಾಶವನ್ನು ಆ ಸುಳ್ಳು ಕಸಿದುಕೊಳ್ಳುತ್ತದೆ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ದಯಪಾಲಿಸಲಿ, ಆಮೀನ್.