ಅಳಿಯನ ಬಿಟ್‌ಕಾಯಿನ್, ಅಕ್ಕನ ಟ್ರಂಕು

2025ರ ಶ್ರಾವಣದ ಒಂದು ಭಾನುವಾರ ಅಕ್ಕನ ಮಗ ಫೋನ್ ಮಾಡಿದ. ‘ಮಾಮಾ, ಒಂದು ಸಾಮಾನು ತರಿಸೀನಿ. ಅವ್ವಗ ಹೇಳಿಲ್ಲ. ಒಂದ್ಸಲ ಬಂದು ಹೋಗು’ ಅಂದ.

ಚಿಗರಿ ಬಸ್ ಹತ್ತಿ ಲಕಮನಹಳ್ಳಿಯಲ್ಲಿ ಇಳಿದು ಅವರ ಮನೆಗೆ ಹೋದೆ. ಅವನ ಕೈಯಲ್ಲಿ ಪೆನ್ ಡ್ರೈವ್‌ನಂಥ ಒಂದು ವಸ್ತು ಇತ್ತು. ಪುಟ್ಟ ಪರದೆ, ಎರಡು ಬಟನ್. ಎಂಟು ಸಾವಿರದ ಹತ್ತಿರ ಕೊಟ್ಟಿದ್ದ. ಇದಕ್ಕೆ ಹಾರ್ಡ್‌ವೇರ್ ವಾಲೆಟ್ ಅನ್ನುತ್ತಾರೆ.

ಅಳಿಯ ಇಲ್ಲೇ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪ್‌ನಲ್ಲಿ ಸಿಎನ್‌ಸಿ ಮಷಿನ್ ನಡೆಸುತ್ತಾನೆ. ಮೂರು ವರ್ಷ ಓವರ್‌ಟೈಮ್ ದುಡ್ಡನ್ನು ಒಂದು ಆ್ಯಪ್‌ನಲ್ಲಿ ಹಾಕುತ್ತ ಬಂದು, ಒಂದೂವರೆ ಲಕ್ಷದಷ್ಟು ಬಿಟ್‌ಕಾಯಿನ್ ಮಾಡಿಕೊಂಡಿದ್ದ. ಅಕ್ಕ ಮಾತ್ರ ಅದೆಲ್ಲ ಬ್ಯಾಂಕಿನ ಆರ್‌ಡಿಯಲ್ಲಿದೆ ಅಂದುಕೊಂಡಿದ್ದಳು.

ಅವನಿಗೆ ಹೆದರಿಕೆ ಹುಟ್ಟಿಸಿದ್ದು ಸುದ್ದಿಗಳು. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್, ಅಂದರೆ ಹತ್ತಿರ ಹತ್ತಿರ 2000 ಕೋಟಿ ರೂಪಾಯಿ ಮೌಲ್ಯದ ಕಾಯಿನ್ ಕಳುವಾಯಿತು. ಗ್ರಾಹಕರು ತಮ್ಮ ಕಾಯಿನ್ ತೆಗೆಯಲು ವರ್ಷದ ಮೇಲೆ ಕಾಯಬೇಕಾಯಿತು. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್‌ನಿಂದ 4.4 ಕೋಟಿ ಡಾಲರ್ ಹೋಯಿತು. ಅದು ಸಂಸ್ಥೆಯದೇ ಹಣ, ಗ್ರಾಹಕರದಲ್ಲ ಎಂದು ಅವರು ಹೇಳಿದರು. ಬೆಂಗಳೂರಿನಲ್ಲಿ ಕೇಸ್ ಆಯಿತು. ಅಳಿಯನ ದುಡ್ಡು ಇದ್ದದ್ದು ಈ ಎರಡರಲ್ಲೂ ಅಲ್ಲ, ಬೇರೆ ಕಡೆ. ಅಲ್ಲಿ ಏನೂ ಆಗಿರಲಿಲ್ಲ. ಆದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ ಅಂದ. ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗೆ ವಿಮೆ ಇದೆ. ಕ್ರಿಪ್ಟೊಗೆ ಅದೂ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಯಾರೂ ಬಿಟ್‌ಕಾಯಿನ್ ಕೊಳ್ಳಬೇಡಿ. ಬೆಲೆ ಏರುತ್ತದೆ, ಅದಕ್ಕಿಂತ ಬೇಗ ಇಳಿಯುತ್ತದೆ. ಲಾಭ ಬಂದರೆ 30 ಪರ್ಸೆಂಟ್ ತೆರಿಗೆ, ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ. ಆದರೆ ನಮ್ಮ ಊರುಗಳಲ್ಲಿ ಈಗಾಗಲೇ ಕೊಂಡು, ಮನೆಯಲ್ಲಿ ಹೇಳದೆ ಕೂತ ಹುಡುಗರಿದ್ದಾರೆ. ಇದು ಅವರಿಗೆ, ಅವರ ತಾಯಂದಿರಿಗೆ.

ಅಳಿಯ ತಿಳಿದದ್ದು ಕಾಯಿನ್ ಆ ಡಬ್ಬಿಯೊಳಗೆ ಇರುತ್ತದೆ ಎಂದು. ಇರುವುದಿಲ್ಲ. ಹೊಲದ ಉತಾರ ನೆನಪಿಸಿಕೊಳ್ಳಿ. ಯಾರ ಹೆಸರಿಗೆ ಎಷ್ಟು ಎಂಬ ದಾಖಲೆ ಕಚೇರಿಯಲ್ಲಿರುತ್ತದೆ, ಹೊಲ ಮಾರಬೇಕಾದರೆ ನಿಮ್ಮ ಸಹಿ ಬೇಕು. ಬಿಟ್‌ಕಾಯಿನ್‌ನ ಉತಾರ ಜಗತ್ತಿನ ಸಾವಿರಾರು ಕಂಪ್ಯೂಟರ್‌ಗಳಲ್ಲಿದೆ. ಸಹಿ ಹಾಕುವ ಗುಪ್ತ ಕೀಲಿ ಮಾತ್ರ ಈ ಡಬ್ಬಿಯೊಳಗಿದೆ. ಅದು ಎಂದೂ ಫೋನಿಗೆ ಬರುವುದಿಲ್ಲ. ಫೋನಿಗೆ ವೈರಸ್ ಬಂದರೂ ಕೀಲಿ ಸಿಗುವುದಿಲ್ಲ. ಆ್ಯಪ್‌ನಲ್ಲಿ ಇಟ್ಟಾಗ ಆ ಕೀಲಿ ಕಂಪನಿಯ ಹತ್ತಿರ ಇರುತ್ತದೆ, ನಮಗೆ ಕಾಣುವುದು ಬರೀ ಅಂಕಿ.

ಈ ವ್ಯತ್ಯಾಸ ಪೊಲೀಸರಿಗೂ ಕಷ್ಟ ಕೊಟ್ಟಿದೆ. ಬಿಟ್‌ಕಾಯಿನ್ ಹಗರಣದ ಆರೋಪಿ ಶ್ರೀಕಿಯನ್ನು 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಸಿಸಿಬಿ ಹಿಡಿಯಿತು. ಆತ ತೋರಿಸಿದ ಖಾತೆಯಲ್ಲಿ 186 ಬಿಟ್‌ಕಾಯಿನ್ ಕಂಡವು. ಆಮೇಲೆ ನೋಡಿದರೆ ಅದು ಒಂದು ಎಕ್ಸ್‌ಚೇಂಜ್‌ನ ವಾಲೆಟ್, ಕೀಲಿ ಆತನ ಹತ್ತಿರ ಇರಲೇ ಇಲ್ಲ ಎಂದು ಬೆಂಗಳೂರು ಪೊಲೀಸರೇ 2021ರ ನವೆಂಬರ್‌ನಲ್ಲಿ ಸ್ಪಷ್ಟನೆ ಕೊಟ್ಟರು. ಪರದೆ ಮೇಲೆ ಅಂಕಿ ಕಂಡ ಮಾತ್ರಕ್ಕೆ ಹಣ ಕೈಗೆ ಬಂದಂತಲ್ಲ.

ಸಾಧನ ಚಾಲೂ ಮಾಡಿದೆವು. ಪಿನ್ ಹಾಕಿದ. ಪರದೆ ಮೇಲೆ ಒಂದೊಂದಾಗಿ ಇಂಗ್ಲಿಷ್ ಪದ ಬರತೊಡಗಿದವು, ಒಟ್ಟು 24. ಆ ಕೀಲಿಯ ಇನ್ನೊಂದು ರೂಪವೇ ಈ ಪದಗಳು. ಡಬ್ಬಿ ಕಳೆದರೆ ಹೊಸ ಡಬ್ಬಿಗೆ ಇವನ್ನು ಹಾಕಿ ಎಲ್ಲ ವಾಪಸ್ ಪಡೆಯಬಹುದು. ಪದಗಳೂ ಕಳೆದರೆ ಮುಗಿಯಿತು. ಪದಗಳು ಬೇರೆಯವರಿಗೆ ಸಿಕ್ಕರೆ ಡಬ್ಬಿ ನಿಮ್ಮ ಕಿಸೆಯಲ್ಲಿದ್ದರೂ ಹಣ ಹೋಗುತ್ತದೆ.

ಅಳಿಯ ಫೋಟೊ ಹೊಡೆಯಲು ಫೋನ್ ಎತ್ತಿದ. ತಡೆದೆ. ಫೋನಿನ ಫೋಟೊ ತಾನಾಗಿ ಗೂಗಲ್‌ಗೆ ಹೋಗಿ ಕೂರುತ್ತದೆ. ಹಾಗೆ ಮಾಡಿದರೆ ಎಂಟು ಸಾವಿರ ಕೊಟ್ಟದ್ದು ದಂಡ. ಅವನು ಓದಿದ, ನಾನು ಬರೆದೆ. ಬೇಗ ಆಗಲಿ ಎಂದು ಕನ್ನಡ ಅಕ್ಷರದಲ್ಲಿ ಬರೆದೆ.

ಅದೇ ತಪ್ಪಾಯಿತು. ಈ ಪದಗಳು 2048 ಪದಗಳ ಒಂದು ಪಟ್ಟಿಯಿಂದ ಬರುತ್ತವೆ. ಸ್ಪ್ಯಾನಿಷ್, ಜಪಾನಿ, ಫ್ರೆಂಚ್ ಭಾಷೆಯ ಪಟ್ಟಿಗಳೂ ಇವೆ. ಕನ್ನಡದ್ದಿಲ್ಲ. ಅಳಿಯನ ಪದ ಇಲ್ಲಿ ಹೇಳುವಂತಿಲ್ಲ, ಸುಮ್ಮನೆ ಒಂದು ಉದಾಹರಣೆ ಕೊಡುತ್ತೇನೆ. ಆ ಪಟ್ಟಿಯಲ್ಲಿ ಬಲಗೈ ಎನ್ನುವಾಗಿನ ‘ರೈಟ್’ ಇದೆ, ಬರೆಯುವುದು ಎಂಬ ‘ರೈಟ್’ ಕೂಡ ಇದೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಹತ್ತು ವರ್ಷದ ಮೇಲೆ ಯಾವುದೆಂದು ಯಾರು ಹೇಳಬೇಕು?

ಇಂಗ್ಲಿಷ್‌ನಲ್ಲಿ ಮತ್ತೆ ಬರೆಯಲು ಕೂತಾಗ ಅಕ್ಕ ಹಿಟ್ಟಿನ ಗಿರಣಿಯಿಂದ ಬಂದಳು. ‘ಏನ್ ಮಾಡಾಕತ್ತೀರಿ ಇಬ್ರೂ?’ ಮುಚ್ಚಿಡಲು ಆಗಲಿಲ್ಲ. ಅಳಿಯ ಎಲ್ಲ ಹೇಳಿದ. ಅಕ್ಕ ಬಯ್ಯಲಿಲ್ಲ. ಸ್ವಲ್ಪ ಹೊತ್ತು ಚೀಟಿ ನೋಡುತ್ತ ನಿಂತಳು.

‘ತಮ್ಮಾ, ಈ ಚೀಟಿ ಸಿಕ್ಕವಗ ರೊಕ್ಕ ಸಿಕ್ಕಂಗ ಅಂತೀರಿ. ನೀ ಬರದಿ ಅಂದ ಮ್ಯಾಲ ನಿನಗೂ ಗೊತ್ತಾತಲ್ಲ?’

ಅವಳಿಗೆ ನನ್ನ ಮೇಲೆ ಅನುಮಾನ ಇರಲಿಲ್ಲ. ಕೇಳಿದಳು ಅಷ್ಟೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೈಬರ್ ಮೋಸದ ಸುದ್ದಿ ಎಷ್ಟೋ ಬರೆದಿದ್ದೇನೆ, ಒಟಿಪಿ ಯಾರಿಗೂ ಹೇಳಬೇಡಿ ಎಂದು ಊರಿಗೆಲ್ಲ ಹೇಳಿದ್ದೇನೆ. ನಾಳೆ ಆ ದುಡ್ಡು ಹೇಗೋ ಹೋಯಿತು ಅನ್ನಿ, ಅಳಿಯನ ಮನಸ್ಸಿನಲ್ಲಿ ಮೊದಲು ಬರುವ ಮುಖ ನನ್ನದೇ. ಅವನು ಬಾಯಿಬಿಟ್ಟು ಕೇಳದೆ ಇರಬಹುದು. ಕೇಳದಿದ್ದರೆ ಇನ್ನೂ ಕೆಟ್ಟದ್ದು.

ಪುಣ್ಯಕ್ಕೆ ಇನ್ನೂ ದುಡ್ಡು ಹಾಕಿರಲಿಲ್ಲ. ಸಾಧನ ರಿಸೆಟ್ ಮಾಡಿಸಿದೆ. ನಾನು ಬರೆದ ಚೀಟಿ ಅಕ್ಕನ ಒಲೆಗೆ ಹೋಯಿತು. ಹೊಸ 24 ಪದ ಬರುವಾಗ ನಾನು ಹೊರಗೆ ಕಟ್ಟೆ ಮೇಲೆ ಕೂತಿದ್ದೆ. ಒಳಗೆ ಅಳಿಯ ಒಬ್ಬನೇ ಬರೆದ, ಇಂಗ್ಲಿಷ್‌ನಲ್ಲಿ, ಬಾಲ್ ಪೆನ್ನಿನಿಂದ. ಜೆಲ್ ಪೆನ್ ನೀರು ತಾಗಿದರೆ ಹರಡುತ್ತದೆ, ಅವರ ಮನೆ ಮಳೆಗಾಲದಲ್ಲಿ ಸೋರುತ್ತದೆ.

ದೊಡ್ಡ ಮೊತ್ತ ಹಾಕುವ ಮೊದಲು ಒಂದು ಪರೀಕ್ಷೆ ಮಾಡು ಅಂದೆ. ಮೊದಲು ಸಾವಿರ ರೂಪಾಯಿಯಷ್ಟು ಕಳಿಸಿದ. ವಿಳಾಸವನ್ನು ಫೋನಿನಲ್ಲಷ್ಟೇ ನೋಡದೆ ಡಬ್ಬಿಯ ಪರದೆಯಲ್ಲೂ ತಾಳೆ ನೋಡಿದ. ಕಾಪಿ ಮಾಡಿದ ವಿಳಾಸವನ್ನು ಸದ್ದಿಲ್ಲದೆ ಬದಲಿಸುವ ವೈರಸ್‌ಗಳಿವೆ. ಆಮೇಲೆ ಬೇಕೆಂದೇ ಮೂರು ಸಲ ತಪ್ಪು ಪಿನ್ ಹಾಕಿದ. ಅವನ ಸಾಧನ ಮೂರಕ್ಕೆ ಎಲ್ಲ ಅಳಿಸಿಕೊಳ್ಳುವ ಜಾತಿಯದು. ಚೀಟಿ ನೋಡಿ ಪದಗಳನ್ನು ಮತ್ತೆ ಹಾಕಿದ. ಸಾವಿರ ರೂಪಾಯಿ ಮರಳಿ ಕಂಡಾಗ ಒಳಗಿನಿಂದಲೇ ಕೂಗಿದ, ‘ಮಾಮಾ, ಬಂತು!’

ಡಬ್ಬಿ ಇದ್ದರೆ ಎಲ್ಲ ಸುರಕ್ಷಿತ ಎಂದೇನಿಲ್ಲ. ವಜೀರ್‌ಎಕ್ಸ್‌ನಲ್ಲಿ ಸಹಿ ಹಾಕಿದವರ ಹತ್ತಿರವೂ ಇಂಥ ಸಾಧನಗಳಿದ್ದವು. ಕಂಪ್ಯೂಟರ್ ಪರದೆ ಮೇಲೆ ಕಂಡದ್ದು ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ ಎಂದು ಸಂಸ್ಥೆಯೇ ಹೇಳಿತು. ಹಳೆಯದು, ಯಾರೋ ಬಳಸಿದ್ದು ಕೊಳ್ಳಬೇಡಿ. ಪದಗಳನ್ನು ಮೊದಲೇ ಬರೆದ ಚೀಟಿ ಡಬ್ಬದೊಳಗೆ ಇದ್ದರೆ ಅದು ಮೋಸ. ಲೆಡ್ಜರ್ ಕಂಪನಿಯ ಗ್ರಾಹಕರ ವಿಳಾಸಗಳು 2020ರಲ್ಲಿ ಸೋರಿದವು. ಆಮೇಲೆ ಜನರ ಮನೆಗೆ ನಕಲಿ ಸಾಧನ, ನಕಲಿ ಪತ್ರ ಬಂದವು. 24 ಪದ ಕೇಳುವವರು ಯಾರೇ ಇರಲಿ, ಕಳ್ಳರೇ.

ಮರು ಭಾನುವಾರ ಅಳಿಯ ವರ್ಕ್‌ಶಾಪ್‌ನಿಂದ ಇಂಗ್ಲಿಷ್ ಅಕ್ಷರದ ಪಂಚ್ ಸೆಟ್ ಮನೆಗೆ ತಂದ. ಆ ಪಟ್ಟಿಯಲ್ಲಿ ಮೊದಲ ನಾಲ್ಕು ಅಕ್ಷರ ಸಾಕು, ಯಾವ ಪದ ಎಂದು ಗೊತ್ತಾಗುತ್ತದೆ. ಸ್ಟೀಲ್ ಪಟ್ಟಿ ಮೇಲೆ ಒಂದೊಂದೇ ಅಕ್ಷರ ಬಡಿದ. ಪಕ್ಕದ ಮನೆಯವರು ಬಂದು ‘ಏನ್ ಬಡಿಯಾಕತ್ತೀರಿ?’ ಅಂದರು. ಗಾಡಿ ಪಾರ್ಟು ಅಂದಳು ಅಕ್ಕ. ನೀರು, ಬೆಂಕಿ, ಇಲಿ ಯಾವುದಕ್ಕೂ ಅದು ಜಗ್ಗುವುದಿಲ್ಲ.

ಅಕ್ಕ ಕೇಳಿದ ಎರಡನೇ ಪ್ರಶ್ನೆ ಇನ್ನೂ ಉಳಿದಿತ್ತು. ‘ಇದಕ್ಕ ನಾಮಿನಿ ಯಾರು?’

ಭಾವ ತೀರಿಕೊಂಡಾಗ ಅವರ ಖಾತೆಗೆ ನಾಮಿನಿ ಇರಲಿಲ್ಲ. ಅಕ್ಕ ಎಂಟು ತಿಂಗಳು ಅಲೆದಳು. ಆದರೆ ಅಲ್ಲಿ ಅಲೆಯಲು ಒಂದು ಕಚೇರಿ ಇತ್ತು. ಇಲ್ಲಿ ಅದೂ ಇಲ್ಲ. ಈ ಕೀಲಿಗೆ ನಾಮಿನಿ ಇಲ್ಲ, ಮ್ಯಾನೇಜರ್ ಇಲ್ಲ, ಅರ್ಜಿ ಇಲ್ಲ. ಅಳಿಯ ದಿನಾ ಬೈಕಿನಲ್ಲಿ ಓಡಾಡುವ ಹುಡುಗ.

ಅದಕ್ಕೆ ಒಂದು ಪತ್ರ ಬರೆದೆವು, ಕನ್ನಡದಲ್ಲಿ. ಅದರಲ್ಲಿ ಪದಗಳಿಲ್ಲ. ಈ ಸ್ಟೀಲ್ ಪಟ್ಟಿ ಏನು, ಸಾಧನ ಎಲ್ಲಿದೆ, ಪದಗಳನ್ನು ಫೋನಿನಲ್ಲಿ ಹಾಕಬಾರದು, ಸಹಾಯಕ್ಕೆ ಬಂದವರ ಕೈಗೆ ಕೊಡದೆ ಎದುರಿಗೆ ಕೂತು ಮಾಡಿಸಬೇಕು, ಅವಸರ ಮಾಡಬಾರದು. ಸಹಾಯಕ್ಕೆ ಬರುವವರಲ್ಲಿ ನನ್ನ ಹೆಸರೂ ಇದೆ. ಕೈಗೆ ಕೊಡಬಾರದ ಮಾತು ನನಗೂ ಸೇರಿದ್ದು. ಅಳಿಯ ಬರೆದ ಚೀಟಿ ಲಕೋಟೆಯಲ್ಲಿ ಅಂಟಿಸಿ, ಬೇರೆ ಊರಲ್ಲಿರುವ ಅವನ ತಂಗಿಯ ಕಪಾಟು ಸೇರಿತು. ಪಟ್ಟಿ ಮತ್ತು ಪತ್ರ ಅಕ್ಕನ ಟ್ರಂಕಿನಲ್ಲಿವೆ, ಭಾವನ ಹಳೆಯ ಪಾಸ್‌ಬುಕ್ಕಿನ ಕೆಳಗೆ.

ಟ್ರಂಕಿನ ಕೀಲಿ ಸೆರಗಿಗೆ ಕಟ್ಟಿಕೊಳ್ಳುತ್ತ ಅಕ್ಕ ಅಂದಳು, ‘ಅದರಾಗ ಬರದದ್ದು ನನಗ ಓದಾಕ ಬರಂಗಿಲ್ಲ. ಯಾರಿಗೂ ಕೊಡಬಾರದು ಅನ್ನೋದು ತಿಳೀತು.’ ಆಮೇಲೆ ಮಗನ ಕಡೆ ತಿರುಗಿದಳು. ‘ಇನ್ನ ಮ್ಯಾಲ ಪಗಾರದಾಗ ಅರ್ಧ ಆರ್‌ಡಿಗೇ ಹಾಕು. ಹಾಕಿದ ಚೀಟಿ ನನಗ ತೋರಿಸು.’