ರಬ್ಬರ್ ಇಲ್ಲದ ಶನಿವಾರ

ನಮ್ಮದು ಮಂಗಳೂರಿನ ಒಂದು ಮಿಷನ್ ಹೈಸ್ಕೂಲು, ಪಾದ್ರಿಗಳು ನಡೆಸುತ್ತಿದ್ದದ್ದು. ಬೆಳಿಗ್ಗೆ ಪ್ರಾರ್ಥನೆಗೆ ನಿಂತರೆ ಕೊಂಕಣಿ ಮನೆಯವರು, ತುಳು ಮನೆಯವರು, ಬ್ಯಾರಿ ಹುಡುಗರು ಎಲ್ಲ ಒಂದೇ ಸಾಲು. ಡ್ರಾಯಿಂಗ್ ಪಿರಿಯಡ್ ವಾರಕ್ಕೆ ಎರಡು, ಅದೂ ಹೆಸರಿಗೆ. ಪೋರ್ಷನ್ ಮುಗಿಯದ ಗಣಿತದ ಮಾಸ್ಟ್ರು ಬಾಗಿಲಿಗೆ ಬಂದು ನಿಂತರೆ ಸಾಕು, ನಮ್ಮ ಡ್ರಾಯಿಂಗ್ ಮಾಸ್ಟ್ರು ಚಾಕ್‌ಪೀಸ್ ಮೇಜಿನ ಮೇಲಿಟ್ಟು ಸುಮ್ಮನೆ ಹೊರಗೆ ಹೋಗುತ್ತಿದ್ದರು. ಅವರು ಹಾಗೆ ವರಾಂಡದಲ್ಲಿ ಒಬ್ಬರೇ ನಡೆದು ಹೋಗುತ್ತಿದ್ದದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅದು 1993ರ ಮಳೆಗಾಲ, ನಾನು ಒಂಬತ್ತನೇ ಕ್ಲಾಸು. ಒಂದು ಶುಕ್ರವಾರ ಹೀಗೆಯೇ ಪಿರಿಯಡ್ ಹೋಯಿತು. ಮಾಸ್ಟ್ರು ಬಾಗಿಲು ದಾಟುವ ಮೊದಲು ತಿರುಗಿ, "ನಾಳೆ ಮಧ್ಯಾಹ್ನ ಯಾರಿಗೆಲ್ಲ ಬಿಡುವುಂಟು? ಬಾವುಟಗುಡ್ಡೆಗೆ ಹೋಗುವ" ಅಂದರು.

ಹನ್ನೊಂದು ಹುಡುಗರು ಬಂದೆವು. ಹಂಪನಕಟ್ಟೆಯಿಂದ ಕೊಡೆ ಹಿಡಿದು ಗುಡ್ಡೆ ಹತ್ತುವಷ್ಟರಲ್ಲಿ ಚಡ್ಡಿಯೆಲ್ಲ ಒದ್ದೆ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನ ಬಾಗಿಲಲ್ಲಿ ಮಾಸ್ಟ್ರು ಒಂದು ಬಿಸ್ಕತ್ತಿನ ಡಬ್ಬಿ ಮುಂದೆ ಚಾಚಿದರು. "ರಬ್ಬರ್ ಎಲ್ಲ ಇದಕ್ಕೆ ಹಾಕಿ."

ನಮಗೆ ಅರ್ಥವಾಗಲಿಲ್ಲ. ರಬ್ಬರ್ ಇಲ್ಲದೆ ಚಿತ್ರ ಬರೆಯುವುದು ಹೇಗೆ? ಆದರೂ ಹಾಕಿದೆವು.

ಒಳಗೆ ಹೋದ ಮೇಲೆ ಯಾರೂ ಮಾತಾಡಲಿಲ್ಲ. ಗೋಡೆ, ಕಮಾನು, ಮೇಲಿನ ಛಾವಣಿ, ಎಲ್ಲಿ ನೋಡಿದರೂ ಚಿತ್ರ. ಒಂದು ಕಡೆ ಸಾರುವೆ ಕಟ್ಟಿತ್ತು. 1991ರಿಂದ 1994ರವರೆಗೆ ಇನ್‌ಟ್ಯಾಕ್ ಸಂಸ್ಥೆಯವರು ಆ ಚಿತ್ರಗಳನ್ನು ಜೀರ್ಣೋದ್ಧಾರ ಮಾಡಿದರು. ನಾವು ಹೋದದ್ದು ಆ ನಡುವೆ. ಮೇಲೆ ಕೂತಿದ್ದ ಒಬ್ಬರು ಕಡ್ಡಿಗೆ ಹತ್ತಿ ಸುತ್ತಿ, ಅಂಗೈಯಷ್ಟು ಜಾಗವನ್ನು ಮೆಲ್ಲಗೆ ಒರೆಸುತ್ತಿದ್ದರು. ನಾವು ಇದ್ದ ಎರಡು ಗಂಟೆಯೂ ಅವರು ಆ ಜಾಗ ಬಿಟ್ಟು ಆಚೆ ಹೋಗಲಿಲ್ಲ.

ಬೆಂಚಿನ ಮೇಲೆ ಕೂರಿಸಿ ಮಾಸ್ಟ್ರು ಹೇಳಿದರು. ಬರೆದವರು ಅಂತೋನಿಯೊ ಮೊಸ್ಕೆನಿ, ಇಟಲಿಯ ಬೆರ್ಗಾಮೊ ಕಡೆಯವರು, ಅಲ್ಲಿಯ ಕಲಾಶಾಲೆಯಲ್ಲಿ ಕಲಿತವರು. ಪಾದ್ರಿಯಲ್ಲ, ಜೆಸ್ವಿಟ್ ಸಭೆಯ ಬ್ರದರ್. ಮಂಗಳೂರಿಗೆ ಬಂದದ್ದು 1898ರಲ್ಲಿ. ಚಾಪೆಲ್ ಕಟ್ಟಿ ಆಗಲೇ ಹತ್ತು ವರ್ಷಕ್ಕೂ ಮೇಲಾಗಿತ್ತು, ಗೋಡೆ ಬರಿದಾಗಿತ್ತು. ಛಾವಣಿಯ ಚಿತ್ರಗಳು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದವು. ಗೋಡೆಯವು ಫ್ರೆಸ್ಕೊ.

"ಫ್ರೆಸ್ಕೊ ಅಂದ್ರೆ ಹಸಿ ಗಾರೆ. ಮೇಸ್ತ್ರಿ ಬೆಳಿಗ್ಗೆ ಸುಣ್ಣದ ಗಾರೆ ಮೆತ್ತಬೇಕು, ಅದು ಒಣಗುವ ಮೊದಲು ಇವರು ನೀರಲ್ಲಿ ಕಲಸಿದ ಬಣ್ಣ ಹಚ್ಚಿ ಮುಗಿಸಬೇಕು. ಸುಣ್ಣ ಗಾಳಿ ಕುಡಿದು ಪುನಃ ಕಲ್ಲಾಗ್ತದೆ. ಬಣ್ಣ ಆ ಕಲ್ಲಿನ ಒಳಗೇ ಉಳೀತದೆ. ತಪ್ಪಿದರೆ ಗಾರೆಯನ್ನೇ ಕೆತ್ತಿ ತೆಗೀಬೇಕು. ಅಲ್ಲಿ ರಬ್ಬರ್ ಎಂತದ್ದು ಮಾರಾಯ?"

ಡಬ್ಬಿಯ ಗುಟ್ಟು ಆಗ ತಿಳಿಯಿತು.

ಇಡೀ ಚಿತ್ರ ಬೇಡ, ಒಂದೇ ಒಂದು ಕೈ ಬರೆಯಿರಿ ಎಂದರು. ನಾನೊಬ್ಬ ಸಂತನ ಎತ್ತಿದ ಕೈ ಆರಿಸಿಕೊಂಡೆ. ಹೆಬ್ಬೆರಳು ಮೂರು ಸಲ ಕೆಟ್ಟಿತು. "ತಪ್ಪಿದ ಗೆರೆ ಅಲ್ಲೇ ಇರ್ಲಿ, ಪಕ್ಕದಲ್ಲಿ ಸರಿಯಾದ್ದು ಹಾಕು. ಮೊದಲು ನಿನ್ನ ಕೈ ನೋಡು" ಅಂದರು. ನೋಡಿದೆ. ಹೆಬ್ಬೆರಳು ಅಂಗೈಯ ಅಂಚಿನಿಂದ ಹೊರಡುವುದಿಲ್ಲ, ಮಣಿಕಟ್ಟಿನ ಹತ್ತಿರದಿಂದಲೇ ಹೊರಡುತ್ತದೆ. ಹದಿನಾಲ್ಕು ವರ್ಷ ಆ ಕೈಯಿಂದಲೇ ಉಂಡಿದ್ದೆ, ಅದು ನನಗೆ ಗೊತ್ತಿರಲಿಲ್ಲ.

ನನ್ನ ಪಕ್ಕ ಕೂತಿದ್ದ ಬ್ಯಾರಿ ಹುಡುಗ ಪೆನ್ಸಿಲ್ ಎತ್ತಿರಲೇ ಇಲ್ಲ. "ಮನುಷ್ಯರನ್ನು ಬರೆಯುವುದು ಬೇಡ ಅಂತ ಮನೆಯಲ್ಲಿ ಹೇಳ್ತಾರೆ ಸರ್" ಅಂದ, ತೀರಾ ಸಣ್ಣ ದನಿಯಲ್ಲಿ. ನಾವೆಲ್ಲ ಮಾಸ್ಟ್ರ ಮುಖ ನೋಡಿದೆವು. "ಹೌದಾ? ಹಾಗಾದ್ರೆ ಆ ಹೂಬಳ್ಳಿ ನೋಡು. ಎಷ್ಟು ತಿರುಗಿ ಎಲ್ಲಿ ಎಲೆ ಬಿಡ್ತದೆ, ಎಣಿಸು" ಅಂದು ಅವನ ಪಕ್ಕದಲ್ಲೇ ಕೂತರು. ಅವತ್ತಿನ ಹನ್ನೊಂದು ಹಾಳೆಗಳಲ್ಲಿ ಅವನದ್ದೇ ಚೆಂದ. ಮಾಸ್ಟ್ರು ಅದನ್ನು ಕ್ಲಾಸಿನ ಗೋಡೆಗೆ ಅಂಟಿಸಿದರು.

ಧರ್ಮದ ನೆರಳಿನಲ್ಲಿ ನಡೆಯುವ ಶಾಲೆಯಲ್ಲಿ ಚಿತ್ರ ಕಲಿಸುವುದು ಎಂದರೆ ನನ್ನ ಮಟ್ಟಿಗೆ ಆ ಐದು ನಿಮಿಷ. ಮಾಸ್ಟ್ರು ಅವನ ಮನೆಯ ಮಾತನ್ನು ಮುರಿಯಲಿಲ್ಲ. ಹಾಗಂತ ಅವನಿಗೆ ಬರೆಯುವುದರಿಂದ ರಜೆಯನ್ನೂ ಕೊಡಲಿಲ್ಲ.

ಹೊರಡುವಾಗ ಕೇಳಿದೆವು, ಆ ಬ್ರದರ್ ಆಮೇಲೆ ಇಟಲಿಗೆ ಹೋದರಾ ಎಂದು. ಇಲ್ಲ. ಸುಮಾರು ಎರಡು ವರ್ಷ ಈ ಗೋಡೆಗಳಿಗೆ ದುಡಿದು, ಬೇರೆ ಊರುಗಳಲ್ಲೂ ಬರೆದು, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ವಯಸ್ಸು 51.

ಹತ್ತನೇ ಕ್ಲಾಸಿಗೆ ಬಂದಾಗ ಟೈಮ್‌ಟೇಬಲಿನಲ್ಲಿ ಡ್ರಾಯಿಂಗ್ ಇರಲೇ ಇಲ್ಲ. ಮಾಸ್ಟ್ರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ.

ಚಾಪೆಲ್ ಮಾತ್ರ ಅಲ್ಲೇ ಇದೆ. ಮಂಗಳೂರಿನ ಕಡೆ ಹೋಗುವವರು ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಕೈಗೊಂದು ಪೆನ್ಸಿಲ್, ಒಂದು ಹಾಳೆ ಕೊಡಿ. ರಬ್ಬರ್ ಮನೆಯಲ್ಲೇ ಇರಲಿ.