ಕಾಡು ಓದಿದವರು

ಅರಣ್ಯಶಾಸ್ತ್ರ ಓದುವ ಮಕ್ಕಳ ಜೊತೆ ಕಾಡು ಸುತ್ತುವುದೆಂದರೆ ನನಗೆ ಬಲು ಇಷ್ಟ. ಅರ್ಧ ಮೈಲಿ ನಡೆಯುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿರುತ್ತದೆ. ಒಬ್ಬ ತೊಗಟೆ ಕೆರೆದು ಮೂಸುತ್ತಾನೆ, ಒಬ್ಬಳು ಎಲೆ ಮುರಿದು ಹಾಲು ಬರುತ್ತದೆಯೇ ನೋಡುತ್ತಾಳೆ, ಇನ್ನೊಬ್ಬ ರಾಮಪತ್ರೆಗೆ ಸಣ್ಣ ಕಚ್ಚು ಹಾಕಿ ಕೆಂಪು ರಸ ಒಸರುವುದನ್ನು ತೋರಿಸುತ್ತಾನೆ. ಮರ ಅಳೆಯುವಾಗಲಂತೂ ಅವರ ಶ್ರದ್ಧೆ ನೋಡಬೇಕು. ಟೇಪು ನೆಲದಿಂದ 1.37 ಮೀಟರ್ ಎತ್ತರದಲ್ಲೇ ಸುತ್ತಬೇಕು. ಅದು ಎದೆಮಟ್ಟದ ಲೆಕ್ಕ. ಮರ ಇಳಿಜಾರಿನಲ್ಲಿದ್ದರೆ ಮೇಲಿನ ಮಗ್ಗುಲಿನಲ್ಲಿ ನಿಂತು ಅಳೆಯಬೇಕು. ಎಲ್ಲರೂ ಒಂದೇ ಎತ್ತರದಲ್ಲಿ ಅಳೆದರೆ ತಾನೆ, ಮೂವತ್ತು ವರ್ಷದ ಮೇಲೆ ಬರುವವನು ಮರ ಎಷ್ಟು ಬೆಳೆಯಿತೆಂದು ಹೇಳಲು ಸಾಧ್ಯ? ಸಾಗುವಾನಿ ನೆಟ್ಟವನು ಅದರ ಕಟಾವು ನೋಡುವ ಹೊತ್ತಿಗೆ ನಿವೃತ್ತನಾಗಿರುತ್ತಾನೆ. ಮುಂದಿನವರಿಗಾಗಿ ಲೆಕ್ಕ ಬರೆದಿಟ್ಟು ಹೋಗುವ ಇಂಥ ವಿದ್ಯೆ ಇನ್ನೊಂದಿದೆಯೋ ಇಲ್ಲವೋ!

ನಮ್ಮ ರಾಜ್ಯದಲ್ಲಿ ಈ ನಾಲ್ಕು ವರ್ಷದ ಪದವಿ ಎಂದರೆ ಶಿರಸಿ, ಪೊನ್ನಂಪೇಟೆಗಳ ಹೆಸರು ಮೊದಲು ಬರುತ್ತದೆ. ಶಿರಸಿಯ ಕಾಲೇಜು 1985ರಲ್ಲಿ ಧಾರವಾಡದಲ್ಲಿ ಆರಂಭವಾಗಿ ಆಮೇಲೆ ಘಟ್ಟಕ್ಕೆ ಬಂತು. ಅದಕ್ಕೆ ಎರಡು ವರ್ಷ ಮೊದಲು, 1983ರ ಸೆಪ್ಟೆಂಬರಿನಲ್ಲಿ, ಅದೇ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕೊಡಲಿಗೆ ಅಡ್ಡ ನಿಂತು ಮರಗಳನ್ನು ಅಪ್ಪಿಕೊಂಡಿದ್ದರು. ಇಲಾಖೆಗಿಂತ ಚೆನ್ನಾಗಿ ತಮ್ಮ ಕಾಡು ತಮಗೆ ಗೊತ್ತು ಎಂದ ಊರಿನ ಪಕ್ಕದಲ್ಲೇ ಕಾಡು ಕಲಿಸುವ ಕಾಲೇಜು ಇರುವುದು ನನಗೆ ಬಹಳ ಸರಿಯೆನಿಸುತ್ತದೆ. ಸೊಪ್ಪಿನ ಬೆಟ್ಟ, ಕಾನು, ಉಪ್ಪಾಗೆ, ಮುರುಗಲು ಇವೆಲ್ಲ ಅಲ್ಲಿ ಹಾಸ್ಟೆಲಿನಿಂದ ನಡೆದು ಹೋಗಿ ಕಲಿಯುವ ಪಾಠಗಳು. 1995ರಲ್ಲಿ ಶುರುವಾದ ಪೊನ್ನಂಪೇಟೆಗೆ ಕೊಡಗಿನ ದೇವರಕಾಡು, ಕಾಫಿ ತೋಟಗಳೇ ಪ್ರಯೋಗಶಾಲೆ.

ಆದರೆ ಸೀಟು ಸಿಕ್ಕಿತೆಂದರೆ ಮನೆಯವರು ಕೇಳುವ ಪ್ರಶ್ನೆ ಒಂದೇ: “ಮಗ ಆರ್‌ಎಫ್‌ಒ ಆಗ್ತಾನಲ್ಲ?” ಕೇಳುವುದು ತಪ್ಪಲ್ಲ. ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಒ), ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ (ಎಸಿಎಫ್) ಹುದ್ದೆಗಳಲ್ಲಿ ಈ ಪದವೀಧರರಿಗೆ ಪಾಲಿದೆ. ಆ ಪಾಲು ಕರಗಬಾರದೆಂದು ಎರಡೂ ಕಾಲೇಜಿನ ಮಕ್ಕಳು ತರಗತಿ ಬಿಟ್ಟು ಧರಣಿ ಕೂತದ್ದೂ ಉಂಟು. ನಾನು ಆ ಮಕ್ಕಳ ಪರ. ವೈದ್ಯಕೀಯ ಓದಿದವರಿಗೆ ಆಸ್ಪತ್ರೆ ಕೊಡುತ್ತೇವೆ; ಕಾಡನ್ನೇ ಓದಿದವರಿಗೆ ಕಾಡು ಕೊಡಲು ಏಕೆ ಹಿಂದೆಮುಂದೆ ನೋಡಬೇಕು? ಇನ್ನೂ ಮೇಲೆ ಹೋಗಬೇಕೆನ್ನುವವರಿಗೆ ಯುಪಿಎಸ್‌ಸಿಯ ಭಾರತೀಯ ಅರಣ್ಯ ಸೇವೆ (ಐಎಫ್‌ಎಸ್) ಪರೀಕ್ಷೆ ಇದೆ. ಅಲ್ಲಿ ಎಂಜಿನಿಯರುಗಳೊಂದಿಗೂ ಪೈಪೋಟಿ. ಪಾಸಾದ ಮೇಲೂ ಗಂಡಸರು ನಾಲ್ಕು ಗಂಟೆಯಲ್ಲಿ 25 ಕಿಲೋಮೀಟರ್, ಹೆಂಗಸರು 14 ಕಿಲೋಮೀಟರ್ ನಡೆದು ತೋರಿಸಬೇಕು. ತರಬೇತಿ ಡೆಹ್ರಾಡೂನಿನಲ್ಲಿ, 1878ರಿಂದ ಅರಣ್ಯ ವಿದ್ಯೆ ಕಲಿಸುತ್ತಿರುವ ಊರು ಅದು.

ಖಾಕಿಯ ಮಾತು ಬಂದಾಗ ಪಿ. ಶ್ರೀನಿವಾಸ್ ಅವರನ್ನು ನೆನೆಯದೆ ಇರಲಾರೆ. ಕಾಡುಗಳ್ಳ ವೀರಪ್ಪನ್ ಹುಟ್ಟಿದ ಗೋಪಿನಾಥಂನಲ್ಲೇ ಜನರ ನಡುವೆ ಓಡಾಡಿಕೊಂಡು, ಅವರಿಗಾಗಿ ಮಾರಿಯಮ್ಮನ ಗುಡಿ ಕಟ್ಟಿಸಿದ ಅಧಿಕಾರಿ. ಶರಣಾಗುತ್ತೇನೆಂದು ನಂಬಿಸಿ ಕರೆಸಿ ವೀರಪ್ಪನ್ 1991ರ ನವೆಂಬರಿನಲ್ಲಿ ಅವರನ್ನು ಕೊಂದ. ಕೀರ್ತಿಚಕ್ರ ಮರಣಾನಂತರ ಬಂತು. ಈ ನೌಕರಿಗೆ ಸೇರುವ ಪ್ರತಿಯೊಬ್ಬ ಹುಡುಗನೂ ಹುಡುಗಿಯೂ ಅವರ ಬದುಕನ್ನು ತಿಳಿದಿರಬೇಕು.

ಎಲ್ಲಿಗೋ ಹೋದೆ. ಇಲಾಖೆಯಲ್ಲಿ ಹುದ್ದೆಗಳು ಕಡಿಮೆ, ಅಧಿಸೂಚನೆಗೆ ವರ್ಷಗಟ್ಟಲೆ ಕಾಯಬೇಕು ಎನ್ನುವುದು ನಿಜ. ಆದರೆ ಬೇರೆ ದಾರಿಗಳೂ ಇವೆ. ಬ್ಯಾಂಕುಗಳು ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ಅರಣ್ಯಶಾಸ್ತ್ರ ಪದವೀಧರರನ್ನೂ ತೆಗೆದುಕೊಳ್ಳುತ್ತವೆ. ಕಾಗದ, ಪ್ಲೈವುಡ್ ಕಾರ್ಖಾನೆಗಳಿಗೆ ನರ್ಸರಿ, ನೆಡುತೋಪು ನೋಡುವವರು ಬೇಕು. ಮುಂದೆ ಓದುವವರಿಗೆ ಭೋಪಾಲಿನ ಅರಣ್ಯ ನಿರ್ವಹಣಾ ಸಂಸ್ಥೆ (ಐಐಎಫ್‌ಎಂ) ಇದೆ, ಸಂಶೋಧನೆಗೆ ಬೆಂಗಳೂರಿನ ಮಲ್ಲೇಶ್ವರದ ಮರವಿಜ್ಞಾನ ಸಂಸ್ಥೆ ಇದೆ. ಆದರೂ ಈ ಓದಿಗೆ ಅತಿ ದೊಡ್ಡ ಕೆಲಸ ಕಾದಿರುವುದು ರೈತನ ಹೊಲದಲ್ಲಿ ಎಂದೇ ನನ್ನ ನಂಬಿಕೆ.

ಶ್ರೀಗಂಧವನ್ನೇ ನೋಡಿ. ಟಿಪ್ಪುವಿನ ಕಾಲದಿಂದ ರಾಜವೃಕ್ಷವಾಗಿದ್ದ ಮರ ನಮ್ಮ ರಾಜ್ಯದಲ್ಲಿ ಬೆಳೆದವನದೇ ಎಂದು ಕಾನೂನು ಒಪ್ಪಿದ್ದು 2001ರಲ್ಲಿ. ಅಲ್ಲಿಂದ ಊರೂರಿನಲ್ಲಿ ಗಂಧ ನೆಟ್ಟರು. ಗಂಧ ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಬದುಕುವ ಮರ. ನರ್ಸರಿ ಚೀಲದಲ್ಲೇ ಅದರ ಜೊತೆ ತೊಗರಿಯಂಥ ಆಸರೆ ಗಿಡ ಬೇಕು, ಹೊಲದಲ್ಲಿ ಬಹುಕಾಲ ಬಾಳುವ ಇನ್ನೊಂದು ಬೇಕು. ಇದನ್ನು ಹೇಳುವವರಿಲ್ಲದೆ ಬರೀ ಗಂಧವನ್ನೇ ಸಾಲಾಗಿ ನೆಟ್ಟರೆ ಗಿಡ ಸೊರಗುತ್ತದೆ, ದುಡ್ಡು ಮಣ್ಣುಪಾಲಾಗುತ್ತದೆ. ಎರಡನೇ ವರ್ಷದ ವಿದ್ಯಾರ್ಥಿಗೆ ಗೊತ್ತಿರುವ ಸಂಗತಿ ಇದು!

ಕೊಡಗಿನ ಕಥೆ ಬೇರೆ. ತೋಟದ ನೆರಳಿಗೆ ನಿಂತ ಕಾಡುಮರ ಕಡಿಯಲು ಅರ್ಜಿ, ಅನುಮತಿ, ಜಮೀನಿನ ಹಕ್ಕಿನ ತಕರಾರು. ಸಿಲ್ವರ್ ಓಕಿಗೆ ಅಂಥ ರಗಳೆಯಿಲ್ಲ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಬೇಕಾದಾಗ ಮಾರಬಹುದು. ಹಾಗಾಗಿ ಬೆಳೆಗಾರ ಆಸ್ಟ್ರೇಲಿಯಾದ ಈ ಮರವನ್ನು ನೆಡುತ್ತಾ ಹೋದ, ಹಲಸು, ನಂದಿ, ಮತ್ತಿ ಹಿಂದೆ ಸರಿದವು. ಬೆಳೆಗಾರನನ್ನು ದೂರಿ ಫಲವಿಲ್ಲ, ದಾರಿ ತೋರಿಸಿದ್ದು ನಿಯಮವೇ. ನಾಡಮರದಲ್ಲಿ ಯಾವುದು ಕಾಫಿಗೆ ಒಗ್ಗುತ್ತದೆ, ಎಷ್ಟು ವರ್ಷಕ್ಕೆ ಎಷ್ಟು ಘನ ಅಡಿ ಕೊಡುತ್ತದೆ, ಮಾರುವ ಹಕ್ಕು ಯಾರಿಗೆ ಇವನ್ನೆಲ್ಲ ಒಟ್ಟಿಗೆ ಕೂತು ಬಿಡಿಸಿ ಹೇಳಬಲ್ಲವನು ಅರಣ್ಯಶಾಸ್ತ್ರದವನು. ಅವನನ್ನು ಕೋಚಿಂಗ್ ಸೆಂಟರಿನಲ್ಲಿ ವರ್ಷಾನುಗಟ್ಟಲೆ ಕೂರಿಸಿದ್ದೇವೆ.

ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಅಲ್ಲಿ ಬೀಜ, ಗೊಬ್ಬರ, ಔಷಧಿಯ ಮಾತಾಡುವವರಿದ್ದಾರೆ. ಮರದ ಮಾತಾಡುವವರು ಬೇಕು. ಪ್ರತಿ ಹೋಬಳಿಗೆ ಒಬ್ಬ ಅರಣ್ಯಶಾಸ್ತ್ರ ಪದವೀಧರನನ್ನು ಸರ್ಕಾರ ನೇಮಿಸಲಿ. ನಿಮ್ಮ ಶಾಸಕರು ಮುಂದಿನ ಸಲ ಊರಿಗೆ ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ.